ನೋವಿಗೆ ಯಾವುದು ಪ್ರಮಾಣ?

ಕಾಲು ಉಳುಕಿ ಪಾದದ ಕೀಲು ಊದಿಕೊಂಡಾಗ, ಒಂದು ಸ್ಕ್ಯಾನ್ ಮಾಡಿಸಿದರೆ ಗಾಯ ಎಷ್ಟೆಂದು ಕಣ್ಣಾರೆ ತಿಳಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿ ಬೇರೂರಿದೆ. ಸರಿಯಾದ ಅರಿವಿನ ಸಾಧನಗಳನ್ನು ಪ್ರಮಾಣಗಳೆಂದು ಕರೆಯುವ ನ್ಯಾಯದರ್ಶನದ ಮಾತಿನಲ್ಲಿ ಹೇಳುವುದಾದರೆ, ಚಿತ್ರವನ್ನು ಪ್ರತ್ಯಕ್ಷವೆಂದು, ಅಂದರೆ ನೇರ ಅರಿವೆಂದು, ಎಣಿಸಿ ರೋಗಿಯ ಮಾತನ್ನು ಅದರ ಕೆಳಗೆ ಕೂರಿಸಿದ್ದೇವೆ. ಈ ಎಣಿಕೆ ತಪ್ಪು. ಎಂಆರ್‌ಐನಲ್ಲಿ ಕಣ್ಣಿಗೆ ಬೀಳುವುದು ಕಪ್ಪು-ಬಿಳುಪಿನ ಛಾಯೆಗಳಷ್ಟೇ. ಅಸ್ಥಿರಜ್ಜು (ಲಿಗಮೆಂಟ್) ಹರಿದಿದೆ ಎನ್ನುವುದು ಅದರಿಂದ ಹುಟ್ಟಿದ ಒಂದು ಅನುಮಾನ, ಅಂದರೆ ಗುರುತಿನಿಂದ ಮಾಡಿದ ತರ್ಕ. ಹರಿದಿರುವುದರಿಂದ ಗಾಯ ತೀವ್ರ ಎನ್ನುವುದು ಇನ್ನೊಂದು. ಮೊದಲನೆಯದು ಬಹುಮಟ್ಟಿಗೆ ಗಟ್ಟಿ. ಎರಡನೆಯದರಲ್ಲಿ ನೈಯಾಯಿಕರು ಎಚ್ಚರಿಸಿದ ದೋಷವೇ ಇದೆ: ಹೊಗೆಯಿದ್ದಲ್ಲಿ ಬೆಂಕಿ ಇದ್ದೇ ಇರುತ್ತದೆ, ಬೆಂಕಿಯಿದ್ದಲ್ಲೆಲ್ಲ ಹೊಗೆ ಇರುವುದಿಲ್ಲ, ಹೊಗೆಯೇಳಲು ಹಸಿ ಸೌದೆಯೆಂಬ ಉಪಾಧಿ, ಅಂದರೆ ಹೆಚ್ಚಿನ ಷರತ್ತು, ಬೇಕು. ಹಾಗೆಯೇ ಗಾಯ ಕಂಡಲ್ಲೆಲ್ಲ ನೋವಿರಬೇಕಿಲ್ಲ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿ ನೋಡಿದ 2015ರ ವಿಮರ್ಶೆಯೊಂದರಲ್ಲಿ 20ರ ವಯಸ್ಸಿನವರ ಪೈಕಿ ಶೇ 37, 80ರವರ ಪೈಕಿ ಶೇ 96 ಮಂದಿಯ ಡಿಸ್ಕ್ ಸವೆದಿತ್ತು. ಕಾಲಿನದೂ ಅದೇ ಕತೆ. ಹಳೆಯ ಗಾಯದ ಗುರುತನ್ನು ಅಸ್ಥಿರಜ್ಜುವಿನಲ್ಲಿ ಹೊತ್ತೂ ಆರಾಮವಾಗಿ ಓಡಾಡುವವರಿದ್ದಾರೆ.

ರೋಗಿ ಹೆಚ್ಚಿಸಿ ಹೇಳಬಹುದು, ಗಟ್ಟಿಗನಾದರೆ ಮುಚ್ಚಿಡಬಹುದು, ಯಂತ್ರಕ್ಕೆ ಆ ಪಕ್ಷಪಾತವಿಲ್ಲ ಎಂಬ ಆಕ್ಷೇಪವಿದೆ. ಅದು ಹಗುರವಾದದ್ದಲ್ಲ. ಮೂಳೆ ಮುರಿದಿದೆಯೇ ಎಂಬ ಪ್ರಶ್ನೆಗೆ ಎಕ್ಸ್‌ರೇ ಬೇಕೇ ಬೇಕು. ವಾರಗಳಾದರೂ ನೋವು ಇಳಿಯದಿದ್ದರೆ ಎಂಆರ್‌ಐ ಕೂಡ ಬೇಕಾದೀತು. ಆದರೆ ಎಕ್ಸ್‌ರೇ ಯಾರಿಗೆ ಬೇಕೆಂದು ತೀರ್ಮಾನಿಸುವುದೇ ರೋಗಿಯ ದೇಹ. ಇಯನ್ ಸ್ಟೀಲ್ ಮತ್ತು ಸಂಗಡಿಗರು ಕೆನಡಾದಲ್ಲಿ ರೂಪಿಸಿ 1992ರಲ್ಲಿ ಪ್ರಕಟಿಸಿದ ಒಟ್ಟಾವ ನಿಯಮಗಳು ಕೇಳುವುದು ಇಷ್ಟೇ: ಗೊತ್ತಾದ ಮೂಳೆಯ ಭಾಗಗಳನ್ನು ಒತ್ತಿದರೆ ನೋಯುತ್ತದೆಯೇ, ನಾಲ್ಕು ಹೆಜ್ಜೆ ಇಡಲು ಆಗುತ್ತದೆಯೇ? ಇಷ್ಟರಿಂದಲೇ ಬಹುತೇಕ ಯಾವ ಮುರಿತವೂ ತಪ್ಪಿಹೋಗುವುದಿಲ್ಲ. ಅಸ್ಥಿರಜ್ಜುವಿನ ವಿಷಯದಲ್ಲೂ ನಾಲ್ಕೈದು ದಿನ ಕಳೆದು ಊತ ಇಳಿದ ಮೇಲೆ ಪಳಗಿದ ಕೈ ಮುಟ್ಟಿ ನೋಡಿದರೆ ಹರಿದಿರುವುದು ಸಾಕಷ್ಟು ನಿಖರವಾಗಿ ತಿಳಿಯುತ್ತದೆ. ಕೇಳುವವರು ಸರಿಯಾಗಿ ಕೇಳಿದರೆ ರೋಗಿಯ ಸಾಕ್ಷ್ಯ ಪರೀಕ್ಷೆಗೆ ನಿಲ್ಲುತ್ತದೆ.

ಇನ್ನು ತೀವ್ರತೆಯೆಂಬುದು ಅಸ್ಥಿರಜ್ಜುವಿನಲ್ಲಷ್ಟೇ ಇರುವ ಗುಣವೂ ಅಲ್ಲ. ಒಂದೇ ಅಳತೆಯ ಗಾಯ ಕುರ್ಚಿಯಲ್ಲಿ ಕೂತು ದುಡಿಯುವವರಿಗೆ ಕಿರಿಕಿರಿ. ಸಾರುವೆ ಹತ್ತಿ ಗಾರೆ ಕೆಲಸ ಮಾಡುವವರಿಗೆ ವಾರಗಟ್ಟಲೆ ಕೂಲಿ ಹೋದಂತೆ. ಸುಖದುಃಖಗಳು ಮನಸ್ಸೆಂಬ ಒಳಗಿನ ಇಂದ್ರಿಯಕ್ಕೆ ಪ್ರತ್ಯಕ್ಷವೆಂದು ನೈಯಾಯಿಕರು ಒಪ್ಪುತ್ತಾರೆ. ಹಾಗಾದರೆ ನೋವಿನ ವಿಷಯದಲ್ಲಿ ಪ್ರತ್ಯಕ್ಷ ಜ್ಞಾನವಿರುವುದು ನರಳುವವನಿಗೆ. ಪರದೆಯ ಮುಂದೆ ಕೂತವರಿಗೆ ಇರುವುದು ಅನುಮಾನ. ಸ್ಕ್ಯಾನ್‌ನಲ್ಲಿ ಏನೂ ಇಲ್ಲವೆಂದು ಹೇಳಿ ಕುಂಟುವವನನ್ನು ಮರುದಿನವೇ ಕೆಲಸಕ್ಕೆ ಅಟ್ಟುವವರು ಪ್ರಮಾಣಗಳ ಈ ಕ್ರಮವನ್ನು ತಲೆಕೆಳಗು ಮಾಡಿದ್ದಾರೆ, ಅದರ ಬೆಲೆಯನ್ನು ಆ ಕಾಲು ತೆರುತ್ತದೆ.