ಕೆಲಸದ ಸುಖ ಯಾರ ಪಾಲು?

ಕಾಯಕವನ್ನು ಕೈಲಾಸಕ್ಕೆ ಸಮ ಮಾಡುವ ಆ ಎರಡು ಪದಗಳ ಹಲಗೆ ತುಮಕೂರಿನ ಎಷ್ಟೋ ಕಚೇರಿಗಳಲ್ಲಿದೆ. ಬಹಳ ಕಡೆ ಅದು ಸಾಹೇಬರ ಕುರ್ಚಿಯ ಹಿಂದಿನ ಗೋಡೆಗೇ ಇರುತ್ತದೆ. ಕುರ್ಚಿಯಲ್ಲಿ ಕೂತವರಿಗೆ ಅದು ಕಾಣುವುದಿಲ್ಲ, ಎದುರಿಗೆ ಅರ್ಜಿಯೋ ಫೈಲೋ ಹಿಡಿದು ನಿಂತವರಿಗೆ ಕಾಣುತ್ತದೆ. ಮೊಳೆ ಹೊಡೆದವರು ಇಷ್ಟೆಲ್ಲ ಯೋಚಿಸಿರಲಿಕ್ಕಿಲ್ಲ. ಆದರೂ ಕೆಲಸದಲ್ಲಿ ಸುಖ ಕಾಣಬೇಕೆಂಬ ಉಪದೇಶ ನಮ್ಮಲ್ಲಿ ಹರಿಯುವ ದಿಕ್ಕು ಬಹುಮಟ್ಟಿಗೆ ಇದೇ: ಕೂತವರಿಂದ ನಿಂತವರ ಕಡೆಗೆ.

ಹೊಟ್ಟೆಪಾಡಿಗೆ ಮಾಡುವ ಕೆಲಸವನ್ನು ಇಷ್ಟಪಟ್ಟು ಮಾಡಲು ಸಾಧ್ಯವೇ ಎಂದರೆ ಸಾಧ್ಯ ಎಂದೇ ನನ್ನ ಉತ್ತರ. ಆದರೆ ಆ ಇಷ್ಟವನ್ನು ಕೆಲಸಗಾರನ ಸ್ವಭಾವದಲ್ಲಿ ಹುಡುಕುವವರ ಬಗ್ಗೆ ನನಗೆ ಅನುಮಾನ. ಅದನ್ನು ಹುಡುಕಬೇಕಾದದ್ದು ಕೆಲಸದ ಕರಾರಿನಲ್ಲಿ. ಇಷ್ಟು ಸಾಕು ಎನ್ನಲು ಅವನಿಗೆ ಬಾಯಿದೆಯೇ? ತನ್ನ ಕೈಚಳಕ ತೋರಲು ಒಂದಿಷ್ಟು ಜಾಗವಿದೆಯೇ? ಒಲ್ಲೆನೆಂದರೆ ಎದ್ದು ಹೋಗಲು ದಾರಿಯಿದೆಯೇ? ಇವಿಷ್ಟೂ ಇಲ್ಲದ ಕಡೆ ಖುಷಿಯಾಗಿರು ಎನ್ನುವುದು, ಮೈ ದುಡಿಸಿಕೊಂಡ ಮೇಲೆ ಮುಖದ ನಗುವನ್ನೂ ವಸೂಲಿ ಮಾಡಿದಂತೆ.

ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದರೆ ಸ್ವಲ್ಪದರಲ್ಲೇ ಗೂಳೂರು ಸಿಗುತ್ತದೆ. ಈಗಿನವರಿಗೆ ಗೂಳೂರೆಂದರೆ ಅಲ್ಲಿನ ಭಾರೀ ಮಣ್ಣಿನ ಗಣೇಶ. ಶೂನ್ಯಸಂಪಾದನೆಯ ಕಡೆಯ ಪರಿಷ್ಕರಣವನ್ನು ಕಟ್ಟಿದ ಸಿದ್ಧವೀರಣ್ಣೊಡೆಯರ ಹೆಸರಿಗೆ ಅಂಟಿಕೊಂಡ ಊರೂ ಇದೇ. ಕುಣಿಗಲ್ ತಾಲ್ಲೂಕಿನ ಎಡೆಯೂರಿನಲ್ಲಿ ನೆಲೆಸಿದ ತೋಂಟದ ಸಿದ್ಧಲಿಂಗರ ಪರಂಪರೆಯವರು ಅವರು. ಆ ಗ್ರಂಥದಲ್ಲಿ ಬರುವ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನ ಪ್ರಸಂಗವನ್ನು ಹಲಗೆ ಬರೆಸುವವರು ಒಮ್ಮೆ ಓದಬೇಕು. ಕಲ್ಯಾಣದ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ನಮಗೆ ಬೇಕಾದದ್ದು ಇಷ್ಟಲ್ಲ, ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಲಕ್ಕಮ್ಮ ವಾಪಸು ಕಳಿಸಿದಳು.

ಇಡೀ ಪ್ರಸಂಗದಲ್ಲಿ ಬಗ್ಗಿ ಬಗ್ಗಿ ಅಕ್ಕಿ ಆಯುವುದು ಹಿತವಾಗಿತ್ತೇ ಎಂದು ಯಾರೂ ಯಾರನ್ನೂ ಕೇಳುವುದಿಲ್ಲ. ಎಷ್ಟು ಸಾಕು ಎಂಬುದೊಂದೇ ಅಲ್ಲಿನ ಮಾತು. ಆ ಲೆಕ್ಕ ಹೇಳುವವಳು ಕಾಯಕ ಮಾಡುವ ಮನೆಯವಳೇ ಹೊರತು ಅಂಗಳದ ಯಜಮಾನನಲ್ಲ. ಇವತ್ತಿನ ಟಾರ್ಗೆಟ್ಟಿನ ಭಾಷೆಯಲ್ಲಿ ಇದು ಪೂರಾ ತಲೆಕೆಳಗು. ಹಲಗೆಯ ಮೇಲಿನ ಮಾತು ಮಾರಯ್ಯನ ಅರ್ಧ; ಲಕ್ಕಮ್ಮನ ಅರ್ಧವನ್ನು ಬಿಟ್ಟು ಅದನ್ನು ಮಾತ್ರ ಗೋಡೆಗೆ ಹಾಕಿದ್ದೇವೆ.

ಅಡಿಕೆ ಕೊಯ್ಲಿನ ಕಾಲದಲ್ಲಿ ಗುಬ್ಬಿ ತಾಲ್ಲೂಕಿನ ಊರುಗಳಲ್ಲಿ ಹೆಂಗಸರು ಲೈಟು ಹಾಕಿಕೊಂಡು ಸುಲಿಯಲು ಕೂರುತ್ತಾರೆ. ಮಣೆಗೆ ನೆಟ್ಟ ಕತ್ತಿಗೆ ಹಸಿ ಕಾಯಿ ಒತ್ತಿ ಮಣಿಕಟ್ಟನ್ನು ತುಸು ತಿರುವಿದರೆ ಸಿಪ್ಪೆ ಬಾಯಿ ಬಿಡುತ್ತದೆ. ಇನ್ನೊಂದು ತಿರುವಿಗೆ ಒಳಗಿನದು ಬುಟ್ಟಿಗೆ. ಅಭ್ಯಾಸವಾದವರು ಕತ್ತಿಯ ಕಡೆ ನೋಡುವುದೂ ಇಲ್ಲ. ಬೆರಳಿಗೆ ಹತ್ತಿದ ಕರೆ ಯಾವ ಸೋಪಿಗೂ ಬಗ್ಗುವುದಿಲ್ಲ. ಕೂಲಿ ಸುಲಿದಷ್ಟಕ್ಕೆ. ಈ ಕೆಲಸದಲ್ಲಿ ಸುಖವಿದೆಯೇ? ಅಲ್ಲಿ ಹತ್ತು ನಿಮಿಷ ಕೂತರೆ ನಗು ಕೇಳುತ್ತದೆ. ಯಾರ ಸೊಸೆ ಮುನಿಸಿಕೊಂಡು ತವರಿಗೆ ಹೋದಳು, ಸಂಘದ ಸಾಲದ ಕಂತು ಯಾರದು ತಪ್ಪಿತು, ಧಾರಾವಾಹಿಯಲ್ಲಿ ನೆನ್ನೆ ಏನಾಯಿತು, ಎಲ್ಲವೂ ಅಲ್ಲೇ ಇತ್ಯರ್ಥ. ಕೈ ತನ್ನ ಪಾಡಿಗೆ ತಾನು ಹೋಗುತ್ತದೆ, ಬಾಯಿ ಮಾತ್ರ ಅವರ ಸ್ವಂತದ್ದು. ಆ ಹೊತ್ತಿನ ಸುಖ ಅಡಿಕೆಯದಲ್ಲ, ಮಾತಿನದು. ಮಾತು ಕಮ್ಮಿ ಮಾಡ್ರಮ್ಮ ಎಂದು ಯಜಮಾನ ಒಮ್ಮೆ ಗದರಿದರೆ ಅಷ್ಟೂ ಹೋಯಿತು, ಉಳಿಯುವುದು ಬೆನ್ನುನೋವು. ಈಗ ಸುಲಿಯುವ ಯಂತ್ರ ಬಂದಿದೆ. ಅದು ಬೆನ್ನುನೋವಿನ ಜೊತೆಗೆ ಆ ಕೂಟವನ್ನೂ ಒಯ್ಯುತ್ತದೆ. ಹಾಗೆಂದು ಯಂತ್ರ ಬೇಡವೆನ್ನುವ ಹಕ್ಕು ನನ್ನಂಥ ನೋಡುಗನಿಗಿಲ್ಲ. ಅವರು ಮೊದಲು ಕೇಳುವುದು ಕೂಲಿಯ ಮಾತು, ಅದೇ ಸರಿ.

ಗುಬ್ಬಿ ಎಂದ ಮೇಲೆ ವೀರಣ್ಣನವರನ್ನು ಬಿಟ್ಟು ಮುಂದೆ ಹೋಗಲಾಗುವುದಿಲ್ಲ. ಅವರ ಆತ್ಮಕಥೆಯ ಹೆಸರೇ ‘ಕಲೆಯೇ ಕಾಯಕ’. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ, ವೀರಣ್ಣನವರು ಹುಟ್ಟಿದ್ದು 1891ರಲ್ಲಿ. ಅಕ್ಷರ ಕಲಿಯುವ ವಯಸ್ಸಿಗೇ ಬಣ್ಣ ಹಚ್ಚಿದವರು, 1917ರ ಹೊತ್ತಿಗೆ ಕಂಪನಿಯ ಮಾಲೀಕರು. ನಿನಗೆ ಇಷ್ಟವಾದದ್ದನ್ನೇ ಹುಡುಕಿ ಉದ್ಯೋಗ ಮಾಡಿಕೋ ಎಂದು ಕಾಲೇಜು ಹುಡುಗರಿಗೆ ಈಗ ಭಾಷಣ ಬಿಗಿಯುತ್ತಾರಲ್ಲ, ಅದಕ್ಕೆ ಈ ಬಾಳು ಒಳ್ಳೆಯ ಎದುರುತ್ತರ. ಆ ಎಳೆಯ ಮಗು ಯಾವ ಅಭಿರುಚಿಯನ್ನು ಹುಡುಕಿಕೊಂಡು ಹೊರಟಿತ್ತು? ಕೆಲಸ ಮೊದಲು ಬಂತು, ಕೈ ಪಳಗಿತು, ಇಷ್ಟ ಆಮೇಲೆ ಬಂತು. ಬಹಳ ಜನರ ವಿಷಯದಲ್ಲಿ ಕ್ರಮ ಇದೇ ಎಂದು ನನ್ನ ಅಂದಾಜು. ಬಾರದ ಕೆಲಸವನ್ನು ಪ್ರೀತಿಸುವುದು ಕಷ್ಟ. ಚೆನ್ನಾಗಿ ಬರುವ ಕೆಲಸವನ್ನು ಪೂರಾ ದ್ವೇಷಿಸುವುದೂ ಅಷ್ಟೇ ಕಷ್ಟ.

‘ಸದಾರಮೆ’ಯ ಕಳ್ಳನ ಪಾತ್ರದಲ್ಲಿ ಅವರು ವರ್ಷಾನುಗಟ್ಟಲೆ ಜನರನ್ನು ನಗಿಸಿದರು. ಅದೇ ನಾಟಕ, ಅದೇ ಕಳ್ಳ, ಆದರೂ ಬೇಸರ ಹತ್ತಿರ ಸುಳಿಯಲಿಲ್ಲವೆಂದರೆ ಕಾರಣ ಊಹಿಸಬಹುದು. ಕಂಪನಿ ನಾಟಕದ ಹಾಸ್ಯಗಾರನಿಗೆ ಒಂದು ಸ್ವಾತಂತ್ರ್ಯವಿತ್ತು. ಈ ರಾತ್ರಿ ಈ ಊರಿನ ಜನ ಎಲ್ಲಿ ನಗುತ್ತಾರೋ ಅಲ್ಲಿ ಮಾತನ್ನು ಎಳೆಯಬಹುದು, ಅಲ್ಲೇ ಹೊಸದೊಂದನ್ನು ಸೇರಿಸಬಹುದು. ಮಾಡಿದ್ದರ ಫಲ ಮರುಕ್ಷಣವೇ ಕಿವಿಗೆ ಬೀಳುತ್ತದೆ. ಇಂಥ ಕರಾರು ಎಷ್ಟು ನೌಕರಿಗಳಲ್ಲಿ ಸಿಕ್ಕೀತು?

ಅದೇ ಕಂಪನಿಯಲ್ಲಿ ಪರದೆ ಎಳೆಯುವವನೂ ಇದ್ದ. 1934ರ ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ನಿಜವಾದ ಆನೆ ಕುದುರೆಗಳನ್ನೇ ತಂದರು, ಜನ ಬೆರಗಾದರು. ಆ ಆನೆಯ ಲದ್ದಿ ಬಾಚುವವನೊಬ್ಬ ಇರಲೇಬೇಕಲ್ಲ. ಊರಿಂದೂರಿಗೆ ಕ್ಯಾಂಪು ಎತ್ತುವಾಗ ಟ್ರಂಕು ಹೊರುವವರು, ನೂರಾರು ಜನಕ್ಕೆ ಅನ್ನ ಬೇಯಿಸುವವರು ಬೇರೆ. ಅವರಿಗೂ ಕಲೆಯೇ ಕಾಯಕವಾಗಿತ್ತೇ? ಕೆಲವರಿಗೆ ಆಗಿದ್ದೀತು. ಪರದೆಯ ಹಗ್ಗ ಹಿಡಿದವನು ಸರಿಯಾದ ಗಳಿಗೆಗೆ ಎಳೆದರೇ ದೃಶ್ಯಕ್ಕೆ ಕಳೆ. ಆ ಗಳಿಗೆ ಅವನ ಕೈಯಲ್ಲಿದೆ. ಲದ್ದಿ ಬಾಚುವವನ ವಿಷಯದಲ್ಲಿ ನನಗೆ ಅಂಥ ಸಮಾಧಾನ ಹೇಳಿಕೊಳ್ಳಲು ಬರುವುದಿಲ್ಲ.

ಅಂಥ ಸಮಾಧಾನ ಎಲ್ಲ ಕೆಲಸಕ್ಕೂ ಸಲ್ಲದೆಂಬ ಮಾತನ್ನು ಮುಚ್ಚುಮರೆಯಿಲ್ಲದೆ ಆಡಿದವರು ಅಂಬೇಡ್ಕರ್. ಜಾತಿ ವ್ಯವಸ್ಥೆ ಶ್ರಮವನ್ನಷ್ಟೇ ಅಲ್ಲ ಶ್ರಮಿಕರನ್ನೇ ವಿಂಗಡಿಸುತ್ತದೆ, ಹುಟ್ಟಿನಿಂದ ಮೇಲೆ ಹೇರಿದ ಕಸುಬಿನಲ್ಲಿ ಮನುಷ್ಯನ ಮನಸ್ಸೂ ಇರುವುದಿಲ್ಲ, ಬುದ್ಧಿಯೂ ಇರುವುದಿಲ್ಲ ಎಂದು ಅವರು 1936ರ ‘ಜಾತಿ ವಿನಾಶ’ದಲ್ಲಿ ವಾದಿಸಿದರು. ಮಲ ಹೊರುವ ಪದ್ಧತಿಯನ್ನು ನಿಷೇಧಿಸಲು ನಾವು 2013ರಲ್ಲಿ ಮತ್ತೊಂದು ಕಾಯ್ದೆ ತರಬೇಕಾಯಿತು. ಮ್ಯಾನ್‌ಹೋಲಿಗೆ ಇಳಿಯುವವನ ಮುಂದೆ ಕಾಯಕದ ಮಹಿಮೆ ಹಾಡುವುದು ಅಸಹ್ಯ. ಕೆಲವು ಕೆಲಸಗಳಲ್ಲಿ ಸುಖ ಸಿಗುವುದಿಲ್ಲ, ಸಿಗಬಾರದು ಕೂಡ. ಅವನ್ನು ಇಲ್ಲವಾಗಿಸಬೇಕು, ಅಷ್ಟೇ.

ತುಮಕೂರಿನಲ್ಲಿ ಈ ಚರ್ಚೆ ಎತ್ತಿದರೆ ಯಾರಾದರೂ ಕ್ಯಾತ್ಸಂದ್ರದ ಕಡೆ ಕೈ ತೋರಿಸಿಯೇ ತೋರಿಸುತ್ತಾರೆ. ಅಲ್ಲಿನ ಸಿದ್ಧಗಂಗಾ ಮಠದ ಶಿವಕುಮಾರ ಸ್ವಾಮೀಜಿ 2019ರಲ್ಲಿ ಲಿಂಗೈಕ್ಯರಾದಾಗ ಅವರಿಗೆ 111 ವರ್ಷ. ನೂರು ದಾಟಿದ ಮೇಲೂ ಮಠದ ಸಾವಿರಾರು ಮಕ್ಕಳ ಊಟ, ಓದಿನ ಉಸ್ತುವಾರಿ ನಡೆಸಿದವರು. ದಣಿವಾಯಿತೆಂದರೇ, ರಜೆ ಕೇಳಿದರೇ ಎನ್ನುತ್ತಾರೆ. ಗೌರವದ ಮಾತು, ಒಪ್ಪೋಣ. ಆದರೆ ದೊಡ್ಡವರನ್ನು ತೋರಿಸಿ ಗುಮಾಸ್ತನ ಬಾಯಿ ಮುಚ್ಚಿಸುವುದು ನ್ಯಾಯವಲ್ಲ. ಅವರು ಮನೆ, ಸಂಸಾರ, ಸಂಬಳ ಎಲ್ಲವನ್ನೂ ಆಚೆಗಿಟ್ಟು 1930ರಲ್ಲಿ ದೀಕ್ಷೆ ತೆಗೆದುಕೊಂಡವರು. ಗುಮಾಸ್ತನಿಗೆ ಮಗಳ ಫೀಸು ಕಟ್ಟಬೇಕಿದೆ. ಆತ ಕೈಗೊಂಡದ್ದು ಸನ್ಯಾಸವಲ್ಲ, ನೌಕರಿ.

ಇಲ್ಲಿದ್ದ ಎಚ್‌ಎಂಟಿ ಗಡಿಯಾರ ಕಾರ್ಖಾನೆ ನನ್ನ ವಾದಕ್ಕೆ ತುಸು ತೊಡಕು. ಗಡಿಯಾರ ಜೋಡಿಸುವುದು ನಿಜಕ್ಕೂ ಒಂದೇ ತಾಳದ ಕೆಲಸ. ಕಣ್ಣಿಗೆ ಭೂತಗನ್ನಡಿ, ಕೈಯಲ್ಲಿ ಚಿಮಟ, ಕೂದಲಿಗಿಂತ ಸಪೂರದ ಸ್ಪ್ರಿಂಗು, ಉಸಿರು ಜೋರಾಗಿ ಬಿಟ್ಟರೆ ಹಾರಿಹೋಗುವ ತಿರುಪು. ಕೀಲಿ ಕೊಡುವ ಗಡಿಯಾರದಲ್ಲಿ ಬ್ಯಾಲೆನ್ಸ್ ಚಕ್ರ ತನ್ನ ಜಾಗದಲ್ಲಿ ಕೂತೊಡನೆ, ಅಷ್ಟು ಹೊತ್ತು ಸತ್ತಂತಿದ್ದ ಲೋಹ ಅತ್ತಿಂದಿತ್ತ ಓಲಾಡತೊಡಗುತ್ತದೆ. ಅದೊಂದನ್ನು ಬಿಟ್ಟರೆ ಬೆಳಗಿನಿಂದ ಸಂಜೆತನಕ ಅದೇ ಅದೇ. ಸ್ವಂತ ತೀರ್ಮಾನಕ್ಕೆ ಅಲ್ಲಿ ಎಡೆ ಕಡಿಮೆಯಿತ್ತು. ಆದರೂ ಎಚ್‌ಎಂಟಿಯವರು ಎಂದು ಹೇಳಿಕೊಳ್ಳುವಾಗ ಇವತ್ತಿಗೂ ಅವರ ದನಿ ಬದಲಾಗುತ್ತದೆ. ಯಾಕೆ? ಬಸ್ಸಿನಲ್ಲಿ ಪಕ್ಕದವನ ಮಣಿಕಟ್ಟಿನ ಮೇಲೆ ತಾವು ಮಾಡಿದ್ದು ಕಾಣುತ್ತಿತ್ತು. ಕೆಲಸ ಕಾಯಂ ಇತ್ತು, ಯೂನಿಯನ್ ಇತ್ತು, ಮಗನ ಮದುವೆಯವರೆಗೆ ಲೆಕ್ಕ ಹಾಕಬಹುದಾದ ನಾಳೆ ಇತ್ತು. 2016ರಲ್ಲಿ ಎಚ್‌ಎಂಟಿ ವಾಚಸ್ ಮುಚ್ಚುವ ತೀರ್ಮಾನವಾಯಿತು, ತುಮಕೂರಿನ ಜಾಗ ಇಸ್ರೋಗೆ ಹೋಯಿತು. ಈಗ ವಸಂತನರಸಾಪುರದ ಕಾರ್ಖಾನೆ ಶೆಡ್ಡುಗಳಿಗೆ ಗುತ್ತಿಗೆ ಮೇಲೆ ಹೋಗುವ ಹುಡುಗನಿಗೆ ಯಂತ್ರ ಇನ್ನೂ ಆಧುನಿಕವಾದದ್ದು ಸಿಕ್ಕಿರಬಹುದು. ಮುಂದಿನ ವರ್ಷ ಕಂಟ್ರಾಕ್ಟರ್ ಯಾರೆಂಬುದೇ ಅವನಿಗೆ ಗೊತ್ತಿಲ್ಲ. ಹಾಗಿರುವಾಗ ಬೇಸರದ ಕೆಲಸವನ್ನೂ ಸಹ್ಯವಾಗಿಸುವ ಆ ನಾಳೆ ಎಲ್ಲಿಂದ ಬರಬೇಕು? ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರಲ್ಲಿ ಎಚ್‌ಎಎಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಅದು ಎಷ್ಟು ಜನಕ್ಕೆ ಕೆಲಸ ಕೊಡುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಎಂಥ ಕರಾರಿನ ಮೇಲೆ ಎಂದು ಕೇಳುವವರು ವಿರಳ.

ಕರಾರಿನಲ್ಲಿ ಕಡೆಯದು ಬಿಟ್ಟು ಹೋಗುವ ದಾರಿ. ಮಾಲೀಕರಾದವರಿಗೆ ಇದು ರುಚಿಸುವುದಿಲ್ಲ, ಇಷ್ಟಪಟ್ಟು ಮಾಡುವವನು ಯಾಕೆ ಬಿಡುತ್ತಾನೆ ಎನ್ನುತ್ತಾರೆ. ಬಂಟ್ವಾಳದ ಕಡೆಯಿಂದ ಮನೆ ಬಿಟ್ಟು ಓಡಿಬಂದ ಹುಡುಗನೊಬ್ಬ ಗುಬ್ಬಿ ಕಂಪನಿ ಸೇರಿ ಸಣ್ಣಪುಟ್ಟ ಪಾತ್ರ ಮಾಡಿಕೊಂಡಿದ್ದ. ಬಿ.ವಿ. ಕಾರಂತ. ಮುಂದೆ ಅವರನ್ನು ಓದಲು ಕಾಶಿಗೆ ಕಳಿಸಿದವರು ವೀರಣ್ಣನವರೇ. ಆಳು ಕೈತಪ್ಪುತ್ತಾನೆಂದು ಅವರಿಗೆ ತಿಳಿಯದೆ ಇದ್ದೀತೇ? ಕಾರಂತರು ಅಲ್ಲಿ ಹಿಂದಿ ಎಂ.ಎ. ಮಾಡಿದರು, ಓಂಕಾರನಾಥ ಠಾಕೂರರ ಬಳಿ ಸಂಗೀತ ಕಲಿತರು, ದೆಹಲಿಗೆ ಹೋಗಿ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರೂ ಆದರು, 1989ರಲ್ಲಿ ಮೈಸೂರಿನ ರಂಗಾಯಣ ಕಟ್ಟಿದರು. ತನಗಿಷ್ಟವಾದ ಕೆಲಸವನ್ನೇ ಬಾಳಿಡೀ ಮಾಡಿದ ಕನ್ನಡಿಗರ ಪಟ್ಟಿಯಲ್ಲಿ ಅವರ ಹೆಸರು ಮೇಲೇ ಇರಬೇಕು. ಅಂಥವರು ಲೇಖಕಿ ವೈದೇಹಿಯವರಿಗೆ ಹೇಳಿ ಬರೆಸಿದ ಆತ್ಮಕಥೆಯ ಹೆಸರು ‘ಇಲ್ಲಿರಲಾರೆ, ಅಲ್ಲಿಗೆ ಹೋಗಲಾರೆ’.