ಉದ್ಯಾನ ಯಾರ ದಾನ?

ಹೊಸ ಬಡಾವಣೆಯ ಸೈಟುಗಳನ್ನು ಮಾರುವವರು ಹಂಚುವ ಬಣ್ಣದ ನಕಾಶೆಯನ್ನು ಒಮ್ಮೆ ನೋಡಬೇಕು. ಬೂದು ಬಣ್ಣದ ರಸ್ತೆಗಳು, ಹಳದಿ ಬಣ್ಣದ ನಿವೇಶನಗಳು, ನಡುವೆ ಕಣ್ಸೆಳೆಯುವ ಒಂದೆರಡು ಹಸಿರು ಚೌಕಗಳು. ಮಾರುವವರು ಆ ಹಸಿರು ಚೌಕದ ಮೇಲೆ ಬೆರಳಿಟ್ಟು, ಇಷ್ಟು ಜಾಗವನ್ನು ಪಾರ್ಕಿಗೆಂದೇ ಬಿಟ್ಟಿದ್ದೇವೆ ಎಂದು ಹೆಮ್ಮೆಯಿಂದ ಹೇಳುತ್ತಾರೆ. ಕೊಳ್ಳುವವರೂ ಅದನ್ನೊಂದು ಔದಾರ್ಯವೆಂದೇ ಭಾವಿಸುತ್ತಾರೆ. ನಿಜಕ್ಕೂ ಅದು ಔದಾರ್ಯವೇ? ಅಥವಾ ಕಾನೂನು ಬಲವಂತವಾಗಿ ಕಿತ್ತುಕೊಂಡ ಪಾಲೇ? ಅಥವಾ ಭೂಮಿಯನ್ನು ತುಂಡು ಮಾಡಿ ಮಾರುವವನು ಸಮಾಜಕ್ಕೆ ತೀರಿಸಲೇಬೇಕಾದ ಸಾಲವೇ? ಮೇಲ್ನೋಟಕ್ಕೆ ಇದು ಮಾತಿನ ಚಮತ್ಕಾರದಂತೆ ಕಾಣಬಹುದು. ಆದರೆ ದಾನವೆಂದಾದರೆ ಕೊಟ್ಟವನಿಗೆ ಕೃತಜ್ಞತೆ ಹೇಳಿ ಸುಮ್ಮನಿರಬೇಕಾಗುತ್ತದೆ. ಸಾಲವೆಂದಾದರೆ ಲೆಕ್ಕ ಕೇಳುವ ಹಕ್ಕು ನಮಗಿರುತ್ತದೆ.

ಬೆಂಗಳೂರಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆಯು ಪ್ರಾಧಿಕಾರ ರಚಿಸುವ ಬಡಾವಣೆಯಲ್ಲಿ ಒಟ್ಟು ವಿಸ್ತೀರ್ಣದ ಶೇ. 15ರಷ್ಟನ್ನು ಉದ್ಯಾನ ಮತ್ತು ಆಟದ ಮೈದಾನಕ್ಕೂ, ಅದರ ಮೇಲೆ ಕನಿಷ್ಠ ಶೇ. 10ರಷ್ಟನ್ನು ನಾಗರಿಕ ಸೌಲಭ್ಯಗಳಿಗೂ ಮೀಸಲಿಡಬೇಕೆಂದು ಹೇಳುತ್ತದೆ. ಖಾಸಗಿಯವರು ಮಾಡುವ ಬಡಾವಣೆಗಳಿಗೆ 2007ರಲ್ಲಿ ಮಂಜೂರಾದ ಪರಿಷ್ಕೃತ ಮಹಾಯೋಜನೆಯ ನಿಯಮಗಳು ಉದ್ಯಾನದ ಪಾಲನ್ನು ಶೇ. 10 ಎಂದು ಗೊತ್ತುಪಡಿಸಿದವು. ಹೀಗೆ ಮೀಸಲಾದ ಜಾಗವನ್ನು ಬೇರೆ ಉದ್ದೇಶಕ್ಕೆ ವಿಲೇವಾರಿ ಮಾಡಕೂಡದೆಂಬ ನಿಷೇಧವೂ ಕಾಯ್ದೆಯಲ್ಲಿದೆ. ಇವೆಲ್ಲ ಸಾಲದೆಂಬಂತೆ, ಉದ್ಯಾನ, ಆಟದ ಬಯಲು ಮತ್ತು ತೆರೆದ ಜಾಗಗಳ ಸಂರಕ್ಷಣೆಗೆಂದೇ 1985ರಲ್ಲಿ ರಾಜ್ಯದಲ್ಲಿ ಪ್ರತ್ಯೇಕ ಕಾಯ್ದೆಯೊಂದು ಬಂತು. ಕಾನೂನಿನ ಕೊರತೆ ನಮಗೆಂದೂ ಇರಲಿಲ್ಲ.

ಕಾನೂನು ಇದ್ದೂ ಕಾವಲು ಯಾಕೆ ಬೇಕಾಗುತ್ತದೆಂಬುದಕ್ಕೆ ಸಣ್ಣ ಲೆಕ್ಕವೊಂದನ್ನು ಮಾಡಿ ನೋಡಬಹುದು. ಹತ್ತು ಎಕರೆಯ ಬಡಾವಣೆಯಲ್ಲಿ ಶೇ. 15 ಎಂದರೆ ಒಂದೂವರೆ ಎಕರೆ, ಅಂದರೆ 60 ಗುಂಟೆ. ಇದು 65,340 ಚದರ ಅಡಿಯಾಗುತ್ತದೆ. ಇಷ್ಟರಲ್ಲಿ ಮೂವತ್ತು-ನಲವತ್ತರ ಅಳತೆಯ 54 ಸೈಟುಗಳು ಹಿಡಿಯುತ್ತವೆ. ಒಂದು ಸೈಟಿನ ಇಂದಿನ ಬೆಲೆಯನ್ನು 54ರಿಂದ ಗುಣಿಸಿ ನೋಡಿ! ಆ ಖಾಲಿ ಜಾಗದ ಸುತ್ತ ಎಷ್ಟು ಕಣ್ಣುಗಳು ಸುಳಿದಾಡುತ್ತವೆಂಬುದು ತಾನಾಗಿಯೇ ಅರ್ಥವಾಗುತ್ತದೆ.

ಜಮೀನು ನನ್ನದು, ಹಣ ನನ್ನದು, ನಗರಕ್ಕೆ ಉದ್ಯಾನ ಬೇಕಿದ್ದರೆ ನಗರವೇ ಕೊಂಡುಕೊಳ್ಳಲಿ, ಎಲ್ಲರ ಸುಖಕ್ಕೆ ನಾನೊಬ್ಬನೇ ಯಾಕೆ ತೆರಬೇಕು ಎಂದು ಬಡಾವಣೆ ಮಾಡುವವನು ಕೇಳಬಹುದು. ಈ ಪ್ರಶ್ನೆಯನ್ನು ಸ್ವಾರ್ಥಿಯ ಗೊಣಗಾಟವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅಮೆರಿಕದಲ್ಲಿ ಇದು ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು. ಒರೆಗಾನ್ ರಾಜ್ಯದ ಟೈಗರ್ಡ್ ಎಂಬ ಊರಿನಲ್ಲಿ ಅಂಗಡಿಯೊಂದನ್ನು ದೊಡ್ಡದು ಮಾಡಲು ಅನುಮತಿ ಕೇಳಿದಾಗ, ಪಕ್ಕದ ತೊರೆಯ ದಡದ ಜಾಗವನ್ನು ಸಾರ್ವಜನಿಕ ಹಸಿರು ಪಟ್ಟಿಗೂ ಕಾಲುದಾರಿಗೂ ಬಿಟ್ಟುಕೊಡಬೇಕೆಂದು ನಗರಾಡಳಿತ ಷರತ್ತು ಹಾಕಿತು. ನಗರ ಕೇಳುವ ಪಾಲಿಗೂ, ಆ ಕಟ್ಟಡದಿಂದ ನಗರದ ಮೇಲೆ ಬೀಳುವ ಹೊರೆಗೂ ಸರಿಸುಮಾರಾಗಿಯಾದರೂ ಹೊಂದಿಕೆ ಇರಬೇಕು, ಇಲ್ಲಿ ಅದನ್ನು ತೋರಿಸಿಲ್ಲ ಎಂದು ನ್ಯಾಯಾಲಯ 1994ರಲ್ಲಿ ಹೇಳಿತು. ಬೇಕೆಂದಾಗ ಬೇಕಾದಷ್ಟನ್ನು ಕಿತ್ತುಕೊಳ್ಳುವುದು ನ್ಯಾಯವಲ್ಲವೆಂಬ ಆ ಮಾತನ್ನು ಒಪ್ಪಲು ನಮಗೇನೂ ಅಡ್ಡಿಯಿಲ್ಲ.

ಆದರೆ ಅದೇ ಅಳತೆಗೋಲನ್ನು ಹಿಡಿದು ನಮ್ಮ ಬಡಾವಣೆಯನ್ನು ಅಳೆದರೆ ಬರುವ ಉತ್ತರ ಬೇರೆ. ನಿನ್ನೆಯವರೆಗೆ ರಾಗಿ ಬೆಳೆಯುತ್ತಿದ್ದ ಹೊಲಕ್ಕೆ ಇಂದು ಚದರ ಅಡಿಯ ಲೆಕ್ಕದಲ್ಲಿ ಬೆಲೆ ಬಂದಿರುವುದು ಮಾಲಿಕನ ಬೆವರಿನಿಂದಲ್ಲ. ಆ ಹೊಲದವರೆಗೆ ಜನರ ತೆರಿಗೆಯಿಂದ ರಸ್ತೆ ಬಂತು, ವಿದ್ಯುತ್ತು ಬಂತು. ನೂರು ಕಿಲೋಮೀಟರಿನಾಚೆಯ ಕಾವೇರಿಯ ನೀರೂ ಒಂದು ದಿನ ಅಲ್ಲಿಗೆ ಬರುತ್ತದೆಂಬ ನಿರೀಕ್ಷೆ ಹುಟ್ಟಿತು. ನಗರ ಬೆಳೆದದ್ದರಿಂದಲೇ ಹೊಲ ಸೈಟಾಯಿತು. ಹೀಗೆ ಎಲ್ಲರೂ ಸೇರಿ ಏರಿಸಿದ ಬೆಲೆಯಲ್ಲಿ ಎಲ್ಲರಿಗೂ ಒಂದು ಪಾಲು ಸಲ್ಲಬೇಕೆಂದು ಕೇಳುವುದು ದರೋಡೆ ಹೇಗಾದೀತು? ಅದಲ್ಲದೆ, ಆ ಹತ್ತು ಎಕರೆಯಲ್ಲಿ ನೂರೈವತ್ತು ಮನೆಗಳೆದ್ದರೆ ಅಲ್ಲಿ ಬೆಳೆಯುವ ಮಕ್ಕಳಿಗೆ ಓಡಲು ಜಾಗ ಬೇಕು, ಮುದುಕರಿಗೆ ಕೂರಲು ನೆರಳು ಬೇಕು. ಈ ಅಗತ್ಯವನ್ನು ಹುಟ್ಟಿಸಿದ್ದೇ ಆ ಬಡಾವಣೆ. ಆದ್ದರಿಂದ ಉದ್ಯಾನದ ಪಾಲು ದಾನವೂ ಅಲ್ಲ, ದಂಡವೂ ಅಲ್ಲ, ಸಾಲ.

ಈ ಸಾಲದ ಲೆಕ್ಕದಲ್ಲಿ ನಾವು ಯಾವಾಗಲೂ ಮರೆತುಬಿಡುವ ಒಬ್ಬನಿದ್ದಾನೆ. ಪ್ರಾಧಿಕಾರ ಬಡಾವಣೆ ಮಾಡುವಾಗ ಮೊದಲು ಭೂಮಿ ಕಳೆದುಕೊಳ್ಳುವವನು ರೈತ. 'ಸಾರ್ವಜನಿಕ ಉದ್ದೇಶ'ವೆಂಬ ಎರಡೇ ಪದಗಳಲ್ಲಿ ಅವನ ಹೊಲ ಸರಕಾರದ್ದಾಗುತ್ತದೆ. ಅವನ ಹಳ್ಳಿಗೆ ಒಂದು ಗುಂಡುತೋಪು ಇತ್ತು, ದನ ಮೇಯಲು ಗೋಮಾಳವಿತ್ತು, ಕೆರೆಯ ಅಂಗಳವಿತ್ತು. ದಾರಿಹೋಕರು ತೋಪಿನ ನೆರಳಲ್ಲಿ ಬುತ್ತಿ ಬಿಚ್ಚುತ್ತಿದ್ದರು, ಅಲ್ಲಿ ಕೂರಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಬೆಂಗಳೂರಿನ ಸುತ್ತ ಇಂಥ ಎಷ್ಟೋ ತೋಪುಗಳು ಈಗ ಹಳೆಯ ಕಂದಾಯ ದಾಖಲೆಗಳಲ್ಲಷ್ಟೇ ಉಳಿದಿವೆ. ಅವುಗಳನ್ನು ನುಂಗಿದ ನಗರವು ಬದಲಿಗೆ ಕೊಟ್ಟದ್ದು ತಂತಿ ಬೇಲಿಯೊಳಗಿನ ನಾಲ್ಕು ಗುಂಟೆ ಹುಲ್ಲುಹಾಸನ್ನು. ಅದನ್ನೂ ಮತ್ತೊಬ್ಬರಿಗೆ ಹಂಚಿಬಿಟ್ಟರೆ, ಸಾರ್ವಜನಿಕ ಉದ್ದೇಶಕ್ಕೆಂದು ಭೂಮಿ ಬಿಟ್ಟುಕೊಟ್ಟ ರೈತ ಎರಡನೆಯ ಬಾರಿ ಮೋಸ ಹೋದಂತೆ.

ಹಾಗೆ ಹಂಚಿಬಿಡುವ ಪ್ರಯತ್ನವೊಂದರ ಕಥೆ ನಮ್ಮ ನಾಡಿನ ನ್ಯಾಯದ ಇತಿಹಾಸದಲ್ಲಿ ದಾಖಲಾಗಿದೆ. ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯ ಯೋಜನೆಯಲ್ಲಿ ಉದ್ಯಾನಕ್ಕೆಂದು ಗುರುತಿಸಿದ್ದ ಜಾಗವೊಂದನ್ನು ಪ್ರಾಧಿಕಾರವು, ಅಂದಿನ ಮುಖ್ಯಮಂತ್ರಿಯವರ ಆದೇಶದ ಮೇರೆಗೆ, ಆಸ್ಪತ್ರೆ ಕಟ್ಟಲು ಬೆಂಗಳೂರು ಮೆಡಿಕಲ್ ಟ್ರಸ್ಟ್ ಎಂಬ ಖಾಸಗಿ ಟ್ರಸ್ಟಿಗೆ ಮಂಜೂರು ಮಾಡಿತು. ಬಡಾವಣೆಯ ನಿವಾಸಿಗಳು ಹೈಕೋರ್ಟಿನ ಮೆಟ್ಟಿಲೇರಿದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟು ಸುಪ್ರೀಂ ಕೋರ್ಟಿಗೆ ಹೋಯಿತು. 1991ರಲ್ಲಿ ನ್ಯಾಯಮೂರ್ತಿಗಳಾದ ಟಿ.ಕೆ. ತೊಮ್ಮನ್ ಮತ್ತು ಆರ್.ಎಂ. ಸಹಾಯ್ ಅವರ ಪೀಠ ನಿವಾಸಿಗಳ ಪರವಾಗಿ ತೀರ್ಪು ನೀಡಿತು.

ಆ ಮೊಕದ್ದಮೆಯಲ್ಲಿ ಟ್ರಸ್ಟಿನ ಕಡೆಯವರು ಎತ್ತಿದ ಒಂದು ಆಕ್ಷೇಪ ಕುತೂಹಲಕರ. ಮಂಜೂರಾತಿಯನ್ನು ಪ್ರಶ್ನಿಸಲು ಈ ನಿವಾಸಿಗಳು ಯಾರು ಎಂಬುದು ಅವರ ವಾದ. ಜಾಗ ಪ್ರಾಧಿಕಾರದ್ದು, ಕೊಟ್ಟದ್ದು ಪ್ರಾಧಿಕಾರ, ನಡುವೆ ನೆರೆಮನೆಯವರಿಗೇನು ಕೆಲಸ? ನ್ಯಾಯಾಲಯ ಈ ವಾದವನ್ನು ಒಪ್ಪಲಿಲ್ಲ. ಉದ್ಯಾನವೆಂಬುದು ಆ ಬಡಾವಣೆಯಲ್ಲಿ ಬದುಕುವವರ ಆರೋಗ್ಯಕ್ಕೆ, ನೆಮ್ಮದಿಗೆ ಸಂಬಂಧಪಟ್ಟದ್ದು, ಅದು ಕೈತಪ್ಪುವಾಗ ಪ್ರಶ್ನಿಸುವ ಅಧಿಕಾರ ಅವರಿಗಿದೆ ಎಂದಿತು. ಖಾಸಗಿ ಆಸ್ಪತ್ರೆಯನ್ನು ಸಾರ್ವಜನಿಕ ಉದ್ಯಾನಕ್ಕೆ ಸಮವೆಂದು ಎಣಿಸಲಾಗದೆಂದೂ ಹೇಳಿತು. ಅಂದರೆ ನಕಾಶೆಯ ಹಸಿರು ಚೌಕವು ಪ್ರಾಧಿಕಾರದ ಆಸ್ತಿಯಲ್ಲ, ಅದು ಜನರಿಗೆ ಕೊಟ್ಟ ಮಾತು.

ಇನ್ನೊಂದು ಪ್ರಕರಣ ಹರಿಯಾಣದ ಥಾನೇಸರದ್ದು. ಅಲ್ಲಿ ನಗರ ಯೋಜನೆಯೊಂದರಡಿ ಮಾಲಿಕರಿಂದ ಬಯಲು ಜಾಗವೆಂದು ಪಡೆದ ನೆಲವನ್ನು ಪುರಸಭೆಯು ಸಂಘವೊಂದಕ್ಕೆ ಧರ್ಮಶಾಲೆ ಕಟ್ಟಲು ಗುತ್ತಿಗೆ ಕೊಟ್ಟಿತ್ತು. ಸುಪ್ರೀಂ ಕೋರ್ಟು ಅದನ್ನೂ 1994ರಲ್ಲಿ ರದ್ದುಪಡಿಸಿತು. ಗಮನಿಸಿ, ಒಂದು ಕಡೆ ಆಸ್ಪತ್ರೆ, ಇನ್ನೊಂದು ಕಡೆ ಧರ್ಮಶಾಲೆ. ಎರಡೂ ಒಳ್ಳೆಯ ಕೆಲಸಗಳೇ. ಉದ್ಯಾನದ ಜಾಗದಲ್ಲಿ ಮದ್ಯದಂಗಡಿ ತೆರೆಯುತ್ತೇವೆಂದು ಯಾರೂ ಅರ್ಜಿ ಹಾಕುವುದಿಲ್ಲ. ಹಾಕಿದರೆ ಊರಿಗೆ ಊರೇ ಎದ್ದು ನಿಲ್ಲುತ್ತದೆ. ಸಮುದಾಯ ಭವನ, ಗ್ರಂಥಾಲಯ, ನೀರಿನ ಟ್ಯಾಂಕು, ಮಹಾನೀಯರೊಬ್ಬರ ಪ್ರತಿಮೆ, ಪ್ರಾರ್ಥನಾಲಯ - ಇವು ಬಂದಾಗ ಮಾತ್ರ ನಮ್ಮ ಬಾಯಿ ಕಟ್ಟಿಹೋಗುತ್ತದೆ. ಬೇಡವೆಂದವನು ಸಮಾಜದ್ರೋಹಿಯೋ ಧರ್ಮದ್ರೋಹಿಯೋ ಆಗಿಬಿಡುತ್ತಾನೆ. ರಸ್ತೆ, ಉದ್ಯಾನ ಮುಂತಾದ ಸಾರ್ವಜನಿಕ ಸ್ಥಳಗಳಲ್ಲಿ ಹೊಸದಾಗಿ ಮಂದಿರ, ಮಸೀದಿ, ಚರ್ಚು, ಗುರುದ್ವಾರಗಳನ್ನು ಕಟ್ಟಲು ಬಿಡಕೂಡದೆಂದು ಸುಪ್ರೀಂ ಕೋರ್ಟು 2009ರ ಸೆಪ್ಟೆಂಬರ್ 29ರಂದು ಆದೇಶಿಸಬೇಕಾಗಿ ಬಂದದ್ದು ಯಾಕೆಂದು ಎಲ್ಲ ಧರ್ಮಗಳ ಅನುಯಾಯಿಗಳೂ ತಮ್ಮನ್ನು ತಾವೇ ಕೇಳಿಕೊಳ್ಳಬೇಕಾಗಿದೆ. ಇನ್ನೊಬ್ಬರ ಪಾಲನ್ನು ಕೇಳದೆ ತೆಗೆದುಕೊಂಡು ಮಾಡಿದ ಪುಣ್ಯಕಾರ್ಯ ಯಾರ ಲೆಕ್ಕಕ್ಕೆ ಜಮೆಯಾಗುತ್ತದೆ?

ಅದಕ್ಕೆ ನೆಲ ಎಲ್ಲಿಂದ ತರುವುದು ಎಂಬ ಮರುಪ್ರಶ್ನೆ ಬರಬಹುದು. ಕಾಯ್ದೆ ಉದ್ಯಾನಕ್ಕೆ ಬೇರೆ, ನಾಗರಿಕ ಸೌಲಭ್ಯಕ್ಕೆ ಬೇರೆ ಎಂದು ಎರಡು ಪಾಲು ಇಟ್ಟಿರುವುದು ಇದಕ್ಕಾಗಿಯೇ. ಸಿಎ ಸೈಟುಗಳು ಯಾರ ಯಾರ ಕೈಸೇರಿವೆ ಎಂದು ವಿಚಾರಿಸಿದರೆ ಆಸ್ಪತ್ರೆಗೂ ಶಾಲೆಗೂ ಜಾಗ ಯಾಕೆ ಸಿಗಲಿಲ್ಲವೆಂಬುದು ತಿಳಿಯುತ್ತದೆ.

ಇನ್ನು ಖಾಸಗಿ ಬಡಾವಣೆಗಳ ವಿಷಯ. ಅಲ್ಲಿ ಉದ್ಯಾನದ ಜಾಗದ ಒಡೆತನ ಯಾರದು? ದೆಹಲಿಯ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು, ಅಂಥ ಜಾಗವನ್ನು ಪಾಲಿಕೆ ಬರಿಯ ಒಂದು ನಿರ್ಣಯದ ಮೂಲಕ ಪುಕ್ಕಟೆಯಾಗಿ ತನ್ನ ಹೆಸರಿಗೆ ಬರೆಸಿಕೊಳ್ಳಲಾಗದು, ಆದರೆ ಬಡಾವಣೆ ಮಾಡಿದವನು ಅದನ್ನು ಜನರ ಪರವಾಗಿ ಟ್ರಸ್ಟಿಯಂತೆ ಹಿಡಿದಿಟ್ಟುಕೊಂಡಿರಬೇಕು ಎಂದಿತು. ನಮ್ಮಲ್ಲಿ ನಿಯಮದ ಪ್ರಕಾರವೇ ಜಾಗವನ್ನು ಪ್ರಾಧಿಕಾರಕ್ಕೆ ನೋಂದಾಯಿಸಿ ಬಿಟ್ಟುಕೊಡುವ ಪದ್ಧತಿಯಿದೆ. ಕಾಗದದ ಮೇಲೆ ಅದು ಸಾರ್ವಜನಿಕರದ್ದು. ಆದರೆ ಬಡಾವಣೆಯ ಸುತ್ತ ಎತ್ತರದ ಗೋಡೆ, ಬಾಗಿಲಲ್ಲಿ ಕಾವಲುಗಾರ. ಎದುರಿನ ಹಳ್ಳಿಯ ಹುಡುಗ ಚೆಂಡು ಹಿಡಿದು ಬಂದರೆ ಅವನನ್ನು ಒಳಗೆ ಬಿಡುವವರು ಯಾರು? ಕೆಲವೆಡೆ ಬಿಟ್ಟುಕೊಟ್ಟ ಜಾಗವೇ ವಿಚಿತ್ರ. ರಾಜಕಾಲುವೆಯ ಅಂಚು, ಹೈಟೆನ್ಷನ್ ತಂತಿಯ ಕೆಳಗಿನ ಓಣಿ, ಹಳೆಯ ಕಲ್ಲುಕ್ವಾರಿಯ ಗುಂಡಿ. ಮನೆ ಕಟ್ಟಲು ಬಾರದ ನೆಲವೆಲ್ಲ ನಕಾಶೆಯಲ್ಲಿ ಹಸಿರಾಗಿಬಿಡುತ್ತದೆ! ಶೇಕಡಾವಾರು ಲೆಕ್ಕವೇನೋ ಸರಿಯಾಯಿತು, ಮಕ್ಕಳು ಆಡುವುದೆಲ್ಲಿ?

ಜಾಗದ ಬದಲು ಹಣ ಕಟ್ಟಿಸಿಕೊಂಡು ನಗರವೇ ಬೇರೆಡೆ ದೊಡ್ಡ ಉದ್ಯಾನ ಮಾಡಲಿ ಎನ್ನುವವರಿದ್ದಾರೆ. ಕ್ಯಾಲಿಫೋರ್ನಿಯದಲ್ಲಿ 1965ರ ಕ್ವಿಂಬಿ ಕಾಯ್ದೆಯು ಹೊಸ ಬಡಾವಣೆಗಳಿಂದ ಸಾವಿರ ಜನರಿಗೆ ಮೂರರಿಂದ ಐದು ಎಕರೆಯ ಲೆಕ್ಕದಲ್ಲಿ ಜಾಗವನ್ನಾಗಲಿ, ಅದರ ಬಾಬ್ತು ಹಣವನ್ನಾಗಲಿ ಪಡೆಯುವ ಅಧಿಕಾರವನ್ನು ನಗರಗಳಿಗೆ ಕೊಟ್ಟಿದೆ. ತುಂಡು ತುಂಡು ಉದ್ಯಾನಕ್ಕಿಂತ ಒಂದು ದೊಡ್ಡ ಉದ್ಯಾನ ಮೇಲು ಎಂಬ ವಾದದಲ್ಲಿ ಹುರುಳಿದೆ. ಆದರೆ ನಮ್ಮ ಪಾಲಿಕೆಗಳ ಖಜಾನೆಗೆ ಒಮ್ಮೆ ಬಿದ್ದ ಹಣ ಬಣ್ಣ ಕಳೆದುಕೊಳ್ಳುತ್ತದೆ. ಅದು ಉದ್ಯಾನದ ಹಣವೋ ಚರಂಡಿಯ ಹಣವೋ ಯಾರಿಗೆ ಗೊತ್ತಾಗಬೇಕು? ನೆಲ ಕಣ್ಣೆದುರಿಗಿದ್ದರೆ ಕನಿಷ್ಠ ಪಕ್ಷ ಕದ್ದದ್ದಾದರೂ ಕಾಣುತ್ತದೆ.

ನಮ್ಮನ್ನು ಹೆಚ್ಚು ಕಾಡುವ ಪ್ರಶ್ನೆ ಬೇರೆಯೇ ಇದೆ. ಬಿಟ್ಟುಕೊಟ್ಟ ಶೇ. 10ರ ಬೆಲೆಯನ್ನು ಮಾರುವವನು ಉಳಿದ ಸೈಟುಗಳ ಮೇಲೆ ಹಾಕುತ್ತಾನೆ, ಕೊಳ್ಳುವವನು ತೆರುತ್ತಾನೆ. ಅಷ್ಟು ತೆರಲಾಗದ ಆಟೋ ಚಾಲಕ, ಗಾರ್ಮೆಂಟ್ಸ್ ಕಾರ್ಮಿಕ ಹೋಗುವುದು ಭೂ ಪರಿವರ್ತನೆಯಿಲ್ಲದ, ನಕ್ಷೆಗೆ ಮಂಜೂರಾತಿಯಿಲ್ಲದ ರೆವಿನ್ಯೂ ಬಡಾವಣೆಗೆ. ಅಲ್ಲಿ ಸೈಟು ಅಗ್ಗ, ಯಾಕೆಂದರೆ ಉದ್ಯಾನವಿಲ್ಲ, ಅಗಲ ರಸ್ತೆಯಿಲ್ಲ, ಶಾಲೆಗೆ ಜಾಗವಿಲ್ಲ. ಒಂದಿಂಚೂ ಬಿಡದೆ ಮಾರಿದವನು ಲಾಭ ಮಾಡಿಕೊಂಡು ಎಂದೋ ಹೋಗಿರುತ್ತಾನೆ. ಅಂಥ ಬಡಾವಣೆಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸುವ ರಾಜ್ಯದ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ತಡೆ ಬಿತ್ತು. ತಡೆಯಿರಲಿ ಇಲ್ಲದಿರಲಿ, ದಂಡ ಕಟ್ಟುವವನು ಕೊಂಡವನೇ ಹೊರತು ಮಾರಿದವನಲ್ಲ. ದಂಡದಿಂದ ಕಾಗದ ಸಕ್ರಮವಾದೀತು, ಮನೆಗಳ ನಡುವೆ ಆಟದ ಬಯಲು ಹುಟ್ಟುವುದಿಲ್ಲ.

ಹಾಗಾದರೆ ಈ ಜನರ ಸಾಲ ತೀರಿಸುವವರು ಯಾರು? ಅಂಥ ಬಡಾವಣೆ ಏಳುವಾಗ ಕಣ್ಣು ಮುಚ್ಚಿ ಕುಳಿತದ್ದು ಆಡಳಿತ. ಆದ್ದರಿಂದ ಆಡಳಿತವೇ ತೀರಿಸಬೇಕು. ಬೈಯಪ್ಪನಹಳ್ಳಿಯ ಬಳಿ ಮುಚ್ಚಿಹೋದ ಎನ್‌ಜಿಇಎಫ್ ಕಾರ್ಖಾನೆಯ ಜಾಗದಲ್ಲಿ ವೃಕ್ಷೋದ್ಯಾನ ಮಾಡುವ ಕೆಲಸಕ್ಕೆ ರಾಜ್ಯ ಸರಕಾರ ಕೈಹಾಕಿದೆ. ಮೆಚ್ಚತಕ್ಕದ್ದೇ. ಆದರೆ ಆರೇಳು ವರ್ಷದ ಮಗು ಬಸ್ಸು ಹತ್ತಿ ಉದ್ಯಾನಕ್ಕೆ ಹೋಗುವುದಿಲ್ಲ. ಅದಕ್ಕೆ ಬೇಕಾದದ್ದು ತಾಯಿ ಕರೆದರೆ ಕೇಳಿಸುವಷ್ಟು ಹತ್ತಿರದ ಬಯಲು. ಮನೆಗಳ ನಡುವೆ ಮಾರಾಟಕ್ಕೆ ಬರುವ ಎರಡು ಸೈಟುಗಳನ್ನು ಪಾಲಿಕೆಯೇ ಕೊಂಡು ಬಯಲಾಗಿ ಬಿಟ್ಟರೂ ಸಾಕು. 2025ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಮಹಾನಗರ ಪಾಲಿಕೆ ಐದು ಪಾಲಿಕೆಗಳಾಗಿ ವಿಂಗಡಣೆಯಾಯಿತು. ಈ ಐದರಲ್ಲಿ ಯಾವುದು ತನ್ನ ಆಯವ್ಯಯದಲ್ಲಿ ಇದಕ್ಕೆಂದು ಮೊದಲು ಹಣ ತೆಗೆದಿಡುತ್ತದೆಂದು ನಾವು ಕಾದು ನೋಡುತ್ತಿದ್ದೇವೆ.