ಇಂದಿನ ಧಮ್ಮ ಚಿಂತನೆ: ಆನೆಯ ದಾರಿ, ನಮ್ಮ ಮನೆ



ಭಾನುವಾರ ವಂದನೆ ಮುಗಿದ ಮೇಲೆ ಆನೇಕಲ್ ಕಡೆಯ ಹಿರಿಯರೊಬ್ಬರು ಕೇಳಿದರು: "ಬನ್ನೇರುಘಟ್ಟ ಕಾಡಿನ ಅಂಚಲ್ಲಿ ನಮ್ಮ ಕಾಲೋನಿ. ಒಂದೇ ಮನೇಲಿ ಮೂರು ಸಂಸಾರ. ಆನೆಗೆ ಜಾಗ ಬೇಕು ಅಂತ ಎಲ್ಲರೂ ಹೇಳ್ತಾರೆ. ನಮ್ಮ ಮಕ್ಕಳಿಗೆ ಒಂದು ಸೈಟು ಬೇಡವಾ ಸರ್? ಪ್ರಾಣಿದಯೆ ಅಂದರೆ ನಾವು ಹೀಗೇ ಇರಬೇಕು ಅಂತಲಾ?"

ಆಗ ನನಗೆ ಉತ್ತರ ಹೊಳೆಯಲಿಲ್ಲ. ವಾರವಿಡೀ ಯೋಚಿಸಿದ್ದನ್ನು ಹಂಚಿಕೊಳ್ಳುತ್ತೇನೆ.

ಮೊದಲು ಸಂಗತಿ ಏನು ನೋಡೋಣ. ಬನ್ನೇರುಘಟ್ಟ 1974ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಇಲ್ಲಿಂದ ಆನೆಗಳು ಹೊಸೂರಿನ ಕಾಡು, ಕಾವೇರಿ ವನ್ಯಧಾಮದ ಕಡೆಗೆ ಓಡಾಡುತ್ತವೆ. ಉದ್ಯಾನದ ಸುತ್ತಲಿನ ಪರಿಸರ ಸೂಕ್ಷ್ಮ ವಲಯ 2016ರ ಕರಡಿನಲ್ಲಿ 268.96 ಚದರ ಕಿ.ಮೀ. ಇತ್ತು. 2020ರ ಅಂತಿಮ ಅಧಿಸೂಚನೆಯಲ್ಲಿ ಅದು 168.84ಕ್ಕೆ ಇಳಿಯಿತು. ಈಗ ಅದರ ಅಗಲ ಕೆಲವೆಡೆ ಬರೀ 100 ಮೀಟರ್, ಹೆಚ್ಚೆಂದರೆ 1 ಕಿ.ಮೀ.

ಈ ವಲಯದೊಳಗೆ ಹೊಸ ವಾಣಿಜ್ಯ ಕಟ್ಟಡ ಕೂಡದು. ಆದರೆ ಸ್ಥಳೀಯರು ತಮ್ಮ ಜಮೀನಿನಲ್ಲಿ ತಮ್ಮ ಬಳಕೆಗೆ ಮನೆ ಕಟ್ಟಿಕೊಳ್ಳಬಹುದು. ಇದನ್ನು ಓದಿ, ಹಿರಿಯರಿಗೆ ಉತ್ತರ ಸಿಕ್ಕಿತು ಅಂದುಕೊಂಡೆ. ಮತ್ತೊಮ್ಮೆ ಓದಿದಾಗ "ತಮ್ಮ ಜಮೀನಿನಲ್ಲಿ" ಎಂಬ ಮಾತು ಚುಚ್ಚಿತು. ಅವರಿಗೆ ಜಮೀನು ಎಲ್ಲಿದೆ? ನಮ್ಮವರಿಗೆ ಜಾಗ ಇಲ್ಲದಂತೆ ಮಾಡಿದ್ದು ಆನೆಯಲ್ಲ, ಜಾತಿ. ವಲಯದಿಂದ ಬಿಟ್ಟುಹೋದ 100 ಚದರ ಕಿ.ಮೀ.ನಲ್ಲಿ ನಾಳೆ ಲೇಔಟ್ ಎದ್ದರೂ ಅಲ್ಲಿಗೆ ಅವರ ಮಕ್ಕಳು ಹೋಗುವುದು ಗಾರೆ ಕೆಲಸಕ್ಕೆ, ಗೃಹಪ್ರವೇಶಕ್ಕಲ್ಲ.

ಸಂಯುತ್ತ ನಿಕಾಯದಲ್ಲಿ ವನರೋಪ ಸುತ್ತ ಎಂಬ ಚಿಕ್ಕ ಸುತ್ತವಿದೆ. ಯಾರ ಪುಣ್ಯ ಹಗಲಿರುಳು ಬೆಳೆಯುತ್ತದೆ ಎಂದು ಕೇಳಿದ್ದಕ್ಕೆ ಭಗವಾನರು ತೋಪು ಬೆಳೆಸುವವರನ್ನೂ, ಸೇತುವೆ ಕಟ್ಟುವವರನ್ನೂ, ನೀರು ಒದಗಿಸುವವರನ್ನೂ, ಇರಲು ನೆಲೆ ಕೊಡುವವರನ್ನೂ ಒಂದೇ ಉತ್ತರದಲ್ಲಿ ಹೆಸರಿಸುತ್ತಾರೆ. ಮರವೂ ಮನೆಯೂ ಅಲ್ಲಿ ಎದುರಾಳಿಗಳಲ್ಲ. ಎರಡಕ್ಕೂ ಎದುರಾಳಿ ತೃಷ್ಣೆ. ಇರಲು ಬೇಕಾದ ಮನೆಗೆ ಒಂದು ಮಿತಿ ಇದೆ, "ರೇಟು ಏರುತ್ತೆ" ಎಂಬ ಆಸೆಗೆ ಇಲ್ಲ.

ಇದನ್ನು ಬೇರೆಯವರ ಮೇಲೆ ಹಾಕಿ ನಾನು ತಪ್ಪಿಸಿಕೊಳ್ಳಲಾರೆ. ಇರಲು ಮನೆ ಇದ್ದೂ ಎರಡು ವರ್ಷದ ಹಿಂದೆ ಆ ಕಡೆ ಸೈಟು ನೋಡಲು ಹೋಗಿದ್ದವನು ನಾನು. ಬ್ರೋಕರ್ ತೋರಿಸಿದ ಕಲ್ಲಿನ ಆಚೆ ರಾಗಿ ಹೊಲ, ಅದರಾಚೆ ಕಾಡು. ದುಡ್ಡು ಸಾಲದೆ ವಾಪಸು ಬಂದೆನೇ ಹೊರತು ಕರುಣೆಯಿಂದಲ್ಲ.

ಮಧ್ಯಮ ಮಾರ್ಗವೆಂದರೆ ಕಾಡನ್ನು ಅರ್ಧ ಮಾಡಿ ಹಂಚುವುದಲ್ಲ. ಆನೆಯ ದಾರಿ ಅರ್ಧ ಉಳಿದರೆ ಅದು ದಾರಿಯೇ ಅಲ್ಲ. ಹಾಗೆಯೇ ಒಂದು ಸಂಸಾರಕ್ಕೆ ಅರ್ಧ ಮನೆ ಸಾಲದು. ಬಾಬಾಸಾಹೇಬರು 1947ರಲ್ಲಿ "ರಾಜ್ಯಗಳು ಮತ್ತು ಅಲ್ಪಸಂಖ್ಯಾತರು" ಮನವಿಯಲ್ಲಿ ಕೇಳಿದ್ದು, ಕೃಷಿಭೂಮಿ ಸರ್ಕಾರದ್ದಾಗಿ, ಜಾತಿಭೇದವಿಲ್ಲದೆ ಹಳ್ಳಿಯ ಜನರಿಗೆ ಸಿಗಬೇಕು, ಭೂಹೀನ ಕೂಲಿಯೇ ಇರಬಾರದು ಎಂದು. ನಮ್ಮ ಬೇಡಿಕೆಯ ದಿಕ್ಕೂ ಅದೇ ಆಗಲಿ. ಆನೆಯ ದಾರಿ ಬಿಟ್ಟು, ಊರಿಗೆ ಹೊಂದಿದ ಜಾಗದಲ್ಲಿ ನಿವೇಶನ ಕೇಳೋಣ. ಊರಿನಿಂದಾಚೆ, ಕಾಡಿನ ಬಾಯಿಗೆ ಕೊಟ್ಟರೆ ಬೇಡ ಎನ್ನೋಣ. ಊರ ಹೊರಗೆ ಇಟ್ಟದ್ದು ಸಾಕು. ಮಂಜೂರಾತಿ ಜಮೀನು ಉಳಿದಿದ್ದರೆ ಬ್ರೋಕರ್ ಮಾತಿಗೆ ಕೊಡದಿರೋಣ. 1978ರ ಪಿ.ಟಿ.ಸಿ.ಎಲ್. ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಅದನ್ನು ಮಾರುವಂತಿಲ್ಲ.

ಬರುವ ಭಾನುವಾರ ಆ ಹಿರಿಯರಿಗೆ ಇಷ್ಟು ಹೇಳುತ್ತೇನೆ: "ಅಣ್ಣ, ನೀವು ಕೇಳಿದ್ದು ಸರಿ. ಆನೆಯನ್ನಲ್ಲ, ಬೇರೆಯವರನ್ನು ಕೇಳಬೇಕಿತ್ತು. ಅರ್ಜಿ ಬರೆಯಲು ನಾನು ಜೊತೆಗಿರುತ್ತೇನೆ."

ಇಂದು ಧ್ಯಾನಕ್ಕೆ ಕೂತಾಗ ಒಂದು ಪ್ರಶ್ನೆ: ನಾನು ಬಯಸುತ್ತಿರುವುದು ನೆಲೆಯನ್ನೋ, ಲಾಭವನ್ನೋ?

ಸಕಲ ಜೀವಿಗಳಿಗೂ ಮಂಗಳವಾಗಲಿ. ಜೈ ಭೀಮ್.